ಹದಿನಾರು ತಲೆ, ಇಬ್ಬರು ಗೈಡು: ಉತ್ತರ ಕೊರಿಯಾ ಪ್ಯಾಕೇಜಿನ ಬಗ್ಗೆ ಬದಿಯಡ್ಕದ ಟೂರಿನವನ ಮಾತು

ಬಸ್ಸಿಗೆ ಐದು ಸ್ಟಾರು. ಊಟಕ್ಕೆ ಮೂರೂವರೆ. ಟೈಮು ಪಾಲಿಸಿದ್ದಕ್ಕೆ ಐದಕ್ಕೆ ಆರು ಕೊಡಬಹುದು. ಗೈಡಿಗೆ ಎಷ್ಟು ಕೊಡುವುದು ಅಂತ ಮಾತ್ರ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಾನು ಬದಿಯಡ್ಕದವನು. ಜನರನ್ನು ಟೂರಿಗೆ ಕರೆದುಕೊಂಡು ಹೋಗುವುದೇ ನನ್ನ ಕಸುಬು. ಕಾಶಿ, ಗಯಾ, ರಾಮೇಶ್ವರ, ಮಳೆ ಬಿಟ್ಟ ಮೇಲೆ ಕೊಡಗು. ಬಸ್ಸಿನ ಬಾಗಿಲಲ್ಲಿ ನಿಂತು ತಲೆ ಲೆಕ್ಕ ಮಾಡಲು ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. 2019ರಲ್ಲಿ ಅಕ್ಕನ ಮಗ ಬೀಜಿಂಗಿನಲ್ಲಿ ಕೆಲಸಕ್ಕಿದ್ದ. "ಮಾವಾ, ಊರವರನ್ನೆಲ್ಲ ಸುತ್ತಿಸಿದ್ದು ಸಾಕು. ಒಮ್ಮೆ ನಿಮ್ಮನ್ನು ಯಾರಾದರೂ ಸುತ್ತಿಸಲಿ, ನಾನು ಬುಕ್ ಮಾಡುತ್ತೇನೆ" ಅಂದ. ಎಲ್ಲಿಗೆ ಅಂತ ಕೇಳಿದರೆ ಉತ್ತರ ಕೊರಿಯಾ ಅಂದ. ಮನೆಯವಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಇದು 2019ರ ಸೆಪ್ಟೆಂಬರ್ ಕೊನೆಯ ಲೆಕ್ಕ, ಅದನ್ನು ಮೊದಲೇ ಹೇಳುತ್ತೇನೆ. 2020ರ ಜನವರಿಯಲ್ಲಿ ಕೊರೋನಾ ಅಂತ ಅವರು ಬಾಗಿಲು ಹಾಕಿದರು. 2024ರ ಫೆಬ್ರವರಿಯಲ್ಲಿ ರಷ್ಯಾದವರನ್ನು ಬಿಟ್ಟರು. 2025ರ ಫೆಬ್ರವರಿಯಲ್ಲಿ ರಾಸೋನ್ ಎನ್ನುವ ಒಂದು ಮೂಲೆಯನ್ನು ಬೇರೆಯವರಿಗೂ ತೆರೆದು, ಕೆಲವೇ ವಾರದಲ್ಲಿ ಪುನಃ ಮುಚ್ಚಿದರು. ಆದರೂ ನನ್ನ ಬಸ್ಸು ಹತ್ತಿದವರು ಉಡುಪಿ ದಾಟುವ ಮೊದಲು "ನೀವು ಅಲ್ಲಿಗೆ ಹೋಗಿದ್ದಿರಂತೆ, ಹೌದಾ?" ಅಂತ ಕೇಳುವುದು ನಿಂತಿಲ್ಲ. ಹೇಳಿ ಹೇಳಿ ಗಂಟಲು ಬತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಬೀಜಿಂಗಿನಿಂದ ಬೀಜಿಂಗಿಗೆ ಸುಮಾರು 1,200 ಯೂರೋ ಆಯಿತು. ನಾಲ್ಕು ರಾತ್ರಿ ಅಲ್ಲಿ, ಒಂದು ರಾತ್ರಿ ರೈಲಿನಲ್ಲಿ. ಹೋಟೆಲು, ಊಟ, ಬಸ್ಸು, ಗೈಡು ಎಲ್ಲ ಸೇರಿ. ಚೀನಾದಿಂದ ಹೊರಟು ಚೀನಾಕ್ಕೇ ಬರುವುದಾದ್ದರಿಂದ ಚೀನಾದ ವೀಸಾ ಎರಡು ಸಲ ಒಳಗೆ ಹೋಗುವಂಥದ್ದು ಬೇಕು. ನನಗೆ ವೀಸಾ ಮಾಡಿಸಿಕೊಟ್ಟ ಏಜೆಂಟ್ ಒಂದೇ ಸಲದ್ದು ಮಾಡಿಸಿದ್ದ. ಹೆಸರು ಬೇಡ ಬಿಡಿ, ನಮ್ಮದೇ ಕಸುಬಿನವನು. ಅಕ್ಕನ ಮಗ ಫೋಟೋ ನೋಡಿ ಹಿಡಿದದ್ದಕ್ಕೆ ಬಚಾವಾದೆ. ಇಲ್ಲದಿದ್ದರೆ ವಾಪಸು ಬರುವಾಗ ಎರಡು ದೇಶದ ಗಡಿಯ ಯಾಲು ಹೊಳೆಯ ಸೇತುವೆಯ ಮೇಲೆ ಕೂತಿರಬೇಕಿತ್ತು. ಪುನಃ ಹಣ, ಪುನಃ ಹದಿನೈದು ದಿನ. ಕೊರಿಯಾದ ವೀಸಾ ಮಾತ್ರ ಬೇರೆಯೇ ಒಂದು ಕಾಗದ. ಪಾಸ್‌ಪೋರ್ಟಿಗೆ ಸೀಲು ಹೊಡೆಯುವುದಿಲ್ಲ, ಬರುವಾಗ ಆ ಕಾಗದವನ್ನೂ ತೆಗೆದುಕೊಳ್ಳುತ್ತಾರೆ. ನಾನು ಅಲ್ಲಿಗೆ ಹೋಗಿದ್ದೆ ಅನ್ನುವುದಕ್ಕೆ ಪಾಸ್‌ಪೋರ್ಟಿನಲ್ಲಿ ಸಾಕ್ಷಿಯೇ ಇಲ್ಲ!

ಹೊರಡುವ ಹಿಂದಿನ ದಿನ ಬೀಜಿಂಗಿನ ಆಫೀಸಿನಲ್ಲಿ ಕೂರಿಸಿ ಪಾಠ ಮಾಡಿದರು. ನಾನೂ ಕಾಶಿಗೆ ಹೊರಡುವ ಮೊದಲು ಪಾಠ ಮಾಡುತ್ತೇನೆ. ಚಿನ್ನ ಹಾಕಿಕೊಂಡು ಬರಬೇಡಿ, ಗಂಗೆಯಲ್ಲಿ ಆಳಕ್ಕೆ ಇಳಿಯಬೇಡಿ, ಇಷ್ಟೇ. ಇಲ್ಲಿಯದು ಬೇರೆ. ನಾಯಕರ ಚಿತ್ರ ಇರುವ ಪತ್ರಿಕೆಯನ್ನು ಮಡಚಬೇಡಿ. ಪ್ರತಿಮೆಯ ಫೋಟೋ ತೆಗೆದರೆ ತಲೆಯಿಂದ ಕಾಲಿನವರೆಗೆ ಪೂರ್ತಿ ಬರಬೇಕು. ಸೈನಿಕರ ಫೋಟೋ ಬೇಡ. ಧರ್ಮದ ಪುಸ್ತಕ ಎಲ್ಲೂ ಬಿಟ್ಟು ಬರಬೇಡಿ. (2014ರಲ್ಲಿ ಒಬ್ಬ ಅಮೆರಿಕದವನು ಬೈಬಲ್ ಬಿಟ್ಟು ಬಂದು ತಿಂಗಳುಗಟ್ಟಲೆ ಒಳಗಿದ್ದ.) ಗೈಡು ಇಲ್ಲದೆ ಹೋಟೆಲಿನ ಆವರಣ ದಾಟಬೇಡಿ. ಪಾಠ ಮಾಡಿದವನು ಕೊನೆಗೆ ಒಂದು ಮಾತು ಹೇಳಿದ: ನೀವು ತಪ್ಪು ಮಾಡಿದರೆ ನಿಮಗಿಂತ ಮೊದಲು ಪೆಟ್ಟು ಬೀಳುವುದು ನಿಮ್ಮ ಗೈಡಿಗೆ. ಆಗ ನಾನು ಅದನ್ನು ಒಂದು ಕಿವಿಯಲ್ಲಿ ಕೇಳಿದೆ.

ಏರ್ ಕೊರಿಯೋ ವಿಮಾನದಲ್ಲಿ ಬರ್ಗರ್ ಕೊಟ್ಟರು. ಮಾಂಸ ತೆಗೆದಿಟ್ಟು ಬನ್ ತಿಂದೆ. ಎರಡು ಗಂಟೆಯೊಳಗೆ ರಾಜಧಾನಿ ಪ್ಯೋಂಗ್ಯಾಂಗ್. ಕಸ್ಟಮ್ಸಿನಲ್ಲಿ ಫೋನು ಬಿಚ್ಚಿಸಿ ನೋಡಿದರು, ಪುಸ್ತಕ ಕೇಳಿದರು. ನನ್ನ ಹತ್ತಿರ ಇದ್ದದ್ದು ಪಂಚಾಂಗ ಒಂದೇ. ಆಫೀಸರ್ ಅದನ್ನು ತಲೆಕೆಳಗಾಗಿ ಹಿಡಿದು ಹದಿನೈದು ಪುಟ ತಿರುಗಿಸಿದ. ರಾಹುಕಾಲದ ಪಟ್ಟಿಯ ಹತ್ತಿರ ನಿಂತ. ಅಂಕೆಗಳಲ್ಲವಾ, ಸಂಶಯ ಬಂದಿರಬೇಕು. ಕ್ಯಾಲೆಂಡರ್, ಕ್ಯಾಲೆಂಡರ್ ಅಂದೆ. ಆಮೇಲೆ ಮಿಡಿ ಉಪ್ಪಿನಕಾಯಿಯ ಬಾಟಲಿ ತೆಗೆದ. ಮುಚ್ಚಳ ಬಿಚ್ಚಿ ಮೂಸಿದ. ಕಣ್ಣು ಅರಳಿತು. "ಕಿಮ್ಚಿ?" ಅಂದ, ಅದು ಅವರ ಉಪ್ಪಿನಕಾಯಿ. "ಇಂಡಿಯಾ ಕಿಮ್ಚಿ" ಅಂದೆ. ಪಕ್ಕದವನನ್ನು ಕರೆದು ಅವನಿಗೂ ಮೂಸಿಸಿದ. ಇಬ್ಬರೂ ನಕ್ಕು ಬಿಟ್ಟರು. ಆ ಬಾಟಲಿ ನನ್ನ ಪಾಸ್‌ಪೋರ್ಟಿಗಿಂತ ಜಾಸ್ತಿ ಕೆಲಸ ಮಾಡಿತು.

ಹೊರಗೆ ಬಸ್ಸು, ಡ್ರೈವರ್, ಇಬ್ಬರು ಗೈಡು. ಇಬ್ಬರು ಯಾಕೆ ಅಂತ ಯಾರೂ ವಿವರಿಸುವುದಿಲ್ಲ. ಒಬ್ಬರು ನಮ್ಮನ್ನು ನೋಡಿಕೊಂಡರೆ ಇನ್ನೊಬ್ಬರು ಅವರನ್ನು ನೋಡಿಕೊಳ್ಳಲಿಕ್ಕೆ ಅಂತ ನಮ್ಮ ಗುಂಪಿನ ಅಂದಾಜು. ಹಿರಿಯವರು ಐವತ್ತರ ಆಸುಪಾಸಿನವರು. ಕಿರಿಯಳು ಇಪ್ಪತ್ತೈದರ ಹುಡುಗಿ, ಒಳ್ಳೆಯ ಇಂಗ್ಲಿಷು, ಎದೆಯ ಮೇಲೆ ನಾಯಕರ ಬ್ಯಾಡ್ಜು. ಹೆಸರು ಇಬ್ಬರದೂ ಗೊತ್ತುಂಟು, ಬರೆಯುವುದಿಲ್ಲ. ಬಸ್ಸು ಹತ್ತಿದ ಕೂಡಲೇ ಪಾಸ್‌ಪೋರ್ಟ್ ಎಲ್ಲ ತೆಗೆದುಕೊಂಡರು. ಆ ಹುಡುಗಿ ಬೆರಳು ಮಡಚುತ್ತಾ ಲೆಕ್ಕ ಮಾಡಿದಳು. ಹದಿನಾರು. ಜರ್ಮನಿಯವರು, ಇಂಗ್ಲೆಂಡಿನವರು, ಸಿಂಗಾಪುರದ ಗಂಡ ಹೆಂಡತಿ. ಅಮೆರಿಕದವರು ಯಾರೂ ಇಲ್ಲ, 2017ರಿಂದ ಅವರ ಸರಕಾರವೇ ಬಿಡುತ್ತಿರಲಿಲ್ಲ.

ಉಳಿದುಕೊಂಡದ್ದು ಯಾಂಗಕ್‌ದೋ ಹೋಟೆಲಿನಲ್ಲಿ. ತೇದೋಂಗ್ ಹೊಳೆಯ ನಡುವಿನ ಕುದುರು ಅದು, 47 ಮಹಡಿ, ತುದಿಯಲ್ಲಿ ತಿರುಗುವ ರೆಸ್ಟೋರೆಂಟ್. ಜನರನ್ನು ಕುದುರಿನಲ್ಲಿ ಇಳಿಸುವ ಉಪಾಯ ನೋಡಿ ಕಸುಬಿನವನಾಗಿ ಮೆಚ್ಚಿದೆ. ಹರಿದ್ವಾರದಲ್ಲಿ ನಾನು ಹತ್ತು ಗಂಟೆಯ ಮೇಲೂ ಬೀದಿಯಲ್ಲಿ ಒಬ್ಬೊಬ್ಬರನ್ನು ಹುಡುಕುತ್ತಾ ತಿರುಗಿದ್ದುಂಟು. ಇಲ್ಲಿ ಸುತ್ತಲೂ ನೀರು. ಲಿಫ್ಟಿನಲ್ಲಿ ಐದನೇ ಮಹಡಿಗೆ ಬಟನ್ನೇ ಇಲ್ಲ. ಅಮೆರಿಕದ ಒಬ್ಬ ವಿದ್ಯಾರ್ಥಿಯ ಕತೆ ಶುರುವಾದದ್ದೂ ಇದೇ ಹೋಟೆಲಿನಿಂದ. ಗೋಡೆಯ ಘೋಷಣೆಯ ಫಲಕ ತೆಗೆದ ಅಂತ 2016ರಲ್ಲಿ 15 ವರ್ಷದ ಶಿಕ್ಷೆ ಕೊಟ್ಟರು. ಮರುವರ್ಷ ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಊರಿಗೆ ಕಳಿಸಿದರು. ಒಂದೇ ವಾರದೊಳಗೆ ಹೋಗಿಬಿಟ್ಟ. ಅವನಿಗೆ 22 ವರ್ಷ. ರಾತ್ರಿ ಕಾರಿಡಾರಿನಲ್ಲಿ ನಡೆಯುವಾಗ ನಾನು ಎರಡೂ ಕೈ ಕಿಸೆಯಲ್ಲಿ ಇಟ್ಟುಕೊಂಡೇ ನಡೆದೆ.

ನೋಡಿದ ಜಾಗ ಎಲ್ಲ ಬರೆಯುವುದಿಲ್ಲ. ಚೂಚೆ ಗೋಪುರ 170 ಮೀಟರ್, ದೇಶ ಕಟ್ಟಿದ ನಾಯಕ ಕಿಮ್ ಇಲ್ ಸುಂಗ್ ಅವರ 70 ವರ್ಷದ ದಿನಕ್ಕೊಂದರಂತೆ 25,550 ಕಲ್ಲು. ಲಿಫ್ಟಿಗೆ ಬೇರೆ ದುಡ್ಡು, ಪ್ಯಾಕೇಜಿನಲ್ಲಿ ಇಲ್ಲ, ಕೇಳಿಕೊಳ್ಳಿ. 105 ಮಹಡಿಯ ಒಂದು ಹೋಟೆಲನ್ನು 1987ರಲ್ಲಿ ಕಟ್ಟಲು ಶುರು ಮಾಡಿದ್ದಾರಂತೆ. ನಾವು ಹೋದಾಗಲೂ ಒಳಗೆ ಒಬ್ಬ ಗಿರಾಕಿ ಇಲ್ಲ. ಮೆಟ್ರೋ ಚೆಂದ. 1973ರದ್ದು, ನೂರು ಮೀಟರಿಗೂ ಆಳ, ಎಸ್ಕಲೇಟರಿನಲ್ಲಿ ಇಳಿದಷ್ಟೂ ಮುಗಿಯುವುದಿಲ್ಲ. ಅಲ್ಲಿರುವ ಪ್ರಯಾಣಿಕರೆಲ್ಲ ನಾಟಕದವರು ಅಂತ ಗುಂಪಿನ ಒಬ್ಬ ಪಿಸುಗುಟ್ಟಿದ. ನನಗೆ ಹಾಗೆ ಅನ್ನಿಸಲಿಲ್ಲ. ಎದುರಿನ ಸೀಟಿನ ಹೆಂಗಸು ಮಗನ ಮೂಗು ಒರೆಸಿ, ಅದೇ ಕರ್ಚೀಫಿನಲ್ಲಿ ಅವನ ತಲೆಗೆ ಒಂದು ಕೊಟ್ಟಳು. ಅಂಥದ್ದನ್ನು ಯಾರೂ ಅಭ್ಯಾಸ ಮಾಡಿಸುವುದಿಲ್ಲ, ಮಾರಾಯ್ರೆ.

ಕುಮ್‌ಸುಸಾನ್ ಅರಮನೆಯನ್ನು ಹೇಳಲೇಬೇಕು. ನಾಯಕರಾಗಿದ್ದ ತಂದೆ ಕಿಮ್ ಇಲ್ ಸುಂಗ್, ಮಗ ಕಿಮ್ ಜೊಂಗ್ ಇಲ್ ಇಬ್ಬರ ದೇಹವನ್ನೂ ಗಾಜಿನೊಳಗೆ ಇಟ್ಟಿದ್ದಾರೆ. ನಮ್ಮಲ್ಲಿ ದೇವಸ್ಥಾನಕ್ಕೆ ಹೋಗಬೇಕಾದರೆ ಅಂಗಿ ತೆಗೆಯಬೇಕು, ಅಲ್ಲಿಗೆ ಟೈ ಕಟ್ಟಿಕೊಂಡು ಹೋಗಬೇಕು. ಟೈ ಅಕ್ಕನ ಮಗನದ್ದು. ಫೋನು, ಕ್ಯಾಮೆರಾ ಎಲ್ಲ ಹೊರಗೆ. ನಿಂತಲ್ಲೇ ಸಾಗಿಸುವ ಪಟ್ಟಿಯ ಮೇಲೆ ಉದ್ದಕ್ಕೆ ಹೋಗಬೇಕು, ಚಪ್ಪಲಿಯ ಅಡಿ ಉಜ್ಜುವ ಯಂತ್ರ, ಮೈಯ ಧೂಳು ಹಾರಿಸುವ ಗಾಳಿ. ಕಾಲಿನ ಕಡೆ ಒಂದು ನಮಸ್ಕಾರ, ಎಡಕ್ಕೆ ಒಂದು, ಬಲಕ್ಕೆ ಒಂದು. ತಲೆಯ ಕಡೆ ಇಲ್ಲ. ಊರಿನ ಹೆಂಗಸರ ಒಂದು ಗುಂಪು ನಮ್ಮ ಎದುರು ಇತ್ತು, ಬಣ್ಣ ಬಣ್ಣದ ಉದ್ದ ಲಂಗ ಹಾಕಿದವರು. ಅವರಲ್ಲಿ ಒಬ್ಬಳು ಅಳುತ್ತಿದ್ದಳು. ನಾನು ಅವಳ ಮುಖ ನೋಡಿ ಏನಾದರೂ ತಿಳಿಯುತ್ತದಾ ಅಂತ ನೋಡಿದೆ. ತಿಳಿಯಲಿಲ್ಲ. ಬಗ್ಗಿದೆ, ಬಂದೆ. ಬಗ್ಗಲು ಮನಸ್ಸಿಲ್ಲದವರು ಈ ಟೂರಿಗೆ ಹೋಗಬಾರದು, ಅಷ್ಟೇ.

ಊಟದ ವಿಷಯ ಜಾಸ್ತಿ ಜನ ಕೇಳುತ್ತಾರೆ. ಸಸ್ಯಾಹಾರಿ ಅಂತ ಮೊದಲೇ ಬರೆಸಿದ್ದೆ. ಅವರ ಲೆಕ್ಕದಲ್ಲಿ ಮೊಟ್ಟೆ, ಮೀನು ಎರಡೂ ಸಸ್ಯವೇ. ಕಿಮ್ಚಿಗೂ ಸಿಗಡಿಯದ್ದೋ ಮೀನಿನದ್ದೋ ಉಪ್ಪುಸಾರು ಹಾಕುತ್ತಾರೆ. ಪ್ಯೋಂಗ್ಯಾಂಗಿನ ಹೆಸರು ಹೋದ ತಣ್ಣನೆಯ ನೂಡಲ್ಸ್ ಮಾಂಸದ ರಸದಲ್ಲೇ ತೇಲುತ್ತದೆ. ಎರಡನೇ ದಿನದಿಂದ ಅಡಿಗೆಯವರಿಗೆ ವಿಷಯ ಗೊತ್ತಾಯಿತು. ಬಿಳಿ ಅನ್ನ, ತೋಫು, ಮೊಳಕೆ ಕಾಳಿನ ಪಲ್ಯ, ಸೌತೆ, ಬದನೆ. ಅದಕ್ಕೆ ನಮ್ಮ ಮಿಡಿ. ದಕ್ಷಿಣದ ಗಡಿಯ ಹತ್ತಿರದ ಕೇಸೋಂಗ್ ಎನ್ನುವ ಊರಿನಲ್ಲಿ ಮಾತ್ರ ಊಟ ಗಮ್ಮತ್ತು. ಹಿತ್ತಾಳೆಯ ಪುಟ್ಟ ಪುಟ್ಟ ಬಟ್ಟಲು, ಒಂದೊಂದಕ್ಕೂ ಮುಚ್ಚಳ. ಮುಚ್ಚಳ ತೆಗೆದರೆ ಒಂದರಲ್ಲಿ ಸೊಪ್ಪು, ಒಂದರಲ್ಲಿ ಬೇರು, ಒಂದರಲ್ಲಿ ಎರಡೇ ಎರಡು ತುಂಡು ಏನೋ ಹುಳಿ. ಬಾಳೆಲೆಯ ತುದಿಯಲ್ಲಿ ಉಪ್ಪಿನಕಾಯಿ, ಚಟ್ನಿ, ಕೋಸಂಬರಿ ಬಡಿಸುವ ಹಾಗೆಯೇ. ಮಾಂಸದ ಎರಡು ಬಟ್ಟಲನ್ನು ಜರ್ಮನಿಯವನ ಕಡೆ ದೂಡಿದೆ. ಮಿಡಿಯ ಒಂದು ಹೋಳನ್ನು ಡ್ರೈವರಿಗೆ ಕೊಟ್ಟೆ. ಒಂದು ಕಚ್ಚಿದ, ಕಣ್ಣಲ್ಲಿ ನೀರು, ಮತ್ತೊಂದಕ್ಕೆ ಕೈ ನೀಡಿದ.

ಕೇಸೋಂಗಿಗೆ ಹೋಗುವ ರಸ್ತೆ 160 ಕಿಲೋಮೀಟರಿಗೂ ಮಿಕ್ಕಿ. ಅಷ್ಟು ಅಗಲದ ರಸ್ತೆ, ಎದುರಿನಿಂದ ಒಂದು ಗಾಡಿ ಬಂದರೆ ಎಲ್ಲರೂ ತಿರುಗಿ ನೋಡುವಷ್ಟು ಖಾಲಿ. ಅಲ್ಲಲ್ಲಿ ರಸ್ತೆಯ ಎರಡೂ ಬದಿಗೆ ಎತ್ತರದ ಕಾಂಕ್ರೀಟು ಕಂಬ. ಯುದ್ಧ ಬಂದರೆ ಉರುಳಿಸಿ ಟ್ಯಾಂಕು ತಡೆಯಲಿಕ್ಕಂತೆ. ಬದಿಯಲ್ಲೆಲ್ಲ ಕಾಸ್ಮಾಸ್ ಹೂ. ಮನೆಗಳ ಮಾಡಿನ ಮೇಲೆ, ರಸ್ತೆಯ ಅಂಚಿನಲ್ಲಿ ಜೋಳ ಒಣಗಲು ಹಾಕಿದ್ದರು. ನಮ್ಮಲ್ಲಿ ಅಂಗಳದಲ್ಲಿ ಅಡಿಕೆ ಹರವಿದ ಹಾಗೆ. ಟಾಯ್ಲೆಟ್ಟಿಗೆ ನಿಲ್ಲಿಸುವುದು ನಡುವಿನ ಒಂದೇ ಚಹಾದ ಜಾಗದಲ್ಲಿ. ಹಿರಿಯರು ಹೋಗುವುದಾದರೆ ಇದನ್ನು ನೆನಪಿಡಿ. ನಲವತ್ತು ಜನ ಅಜ್ಜ ಅಜ್ಜಿಯರನ್ನು ಹೊತ್ತು ತಿರುಗುವವನಿಗೆ ಮೊದಲು ಕಾಣುವುದು ಇದೇ. ಪ್ಯೋಂಗ್ಯಾಂಗಿನ ಮೇ ಡೇ ಸ್ಟೇಡಿಯಮ್ಮಿನಲ್ಲಿ ಸಾವಿರಾರು ಮಕ್ಕಳು ಬಣ್ಣದ ಪುಸ್ತಕ ತಿರುಗಿಸಿ ಚಿತ್ರ ಮಾಡುತ್ತಿದ್ದಾಗಲೂ ಉಳಿದವರು ಬಾಯಿ ಬಿಟ್ಟು ನೋಡುತ್ತಿದ್ದರು. ನನಗೆ ಬಂದದ್ದು, ಈ ಮಕ್ಕಳಿಗೆ ನಡುವೆ ಒಂದಕ್ಕೆ ಬಂದರೆ ಎಂತ ಮಾಡುತ್ತಾರೆ ಅನ್ನುವ ಯೋಚನೆ. ಒಂದು ಪುಟವೂ ತಪ್ಪಲಿಲ್ಲ. ಅದಕ್ಕೆ ಅಗ್ಗದ ಟಿಕೆಟ್ಟೇ ಆಗ ನೂರು ಯೂರೋ.

ಈ ಕೇಸೋಂಗ್ ಕೊರಿಯಾ ಯುದ್ಧದ ಮೊದಲು ದಕ್ಷಿಣದಲ್ಲಿದ್ದ ಊರು. 38ನೇ ಅಕ್ಷಾಂಶದಿಂದ ಕೆಳಗೆ. 1953ರ ಜುಲೈ 27ಕ್ಕೆ ಕದನ ನಿಂತಾಗ ಉತ್ತರಕ್ಕೆ ಉಳಿಯಿತು. ಜನ ಅಲ್ಲೇ ಇದ್ದರು, ಗೆರೆ ಅವರನ್ನು ದಾಟಿ ಹೋಯಿತು. ಗೈಡು ಇದನ್ನು ಇನ್ನೊಂದು ಸಲ ಬಿಡಿಸಿ ಹೇಳಲು ಹೊರಟಳು. ಬೇಡಮ್ಮ, ನಾನು ಕಾಸರಗೋಡಿನವನು ಅಂದೆ. ಅವಳಿಗೆ ಅರ್ಥ ಆಗಲಿಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಕತೆ ಅವಳಿಗೆ ಎಲ್ಲಿ ಹೇಳುತ್ತಾ ಕೂರುವುದು. ಆದರೂ ನಮ್ಮದನ್ನು ಅವರದ್ದಕ್ಕೆ ಹೋಲಿಸಬಾರದು, ನಾವು ಬೆಳಿಗ್ಗೆ ಎದ್ದು ಮಂಗಳೂರಿಗೆ ಹೋಗಿ ಮಧ್ಯಾಹ್ನ ಊಟಕ್ಕೆ ಬರುವವರು. ಆರು ತಿಂಗಳ ನಂತರ, 2020ರ ಮಾರ್ಚಿನಲ್ಲಿ, ತಲಪಾಡಿಯಲ್ಲಿ ಗಡಿ ಮುಚ್ಚಿ ಆಂಬುಲೆನ್ಸ್ ನಿಂತಾಗ ಮಾತ್ರ ನನಗೆ ಆ ಖಾಲಿ ರಸ್ತೆಯೇ ಕಣ್ಣಿಗೆ ಬಂದದ್ದು.

ಗಡಿಯ ಪನ್‌ಮುಂಜೋಮಿನಲ್ಲಿ ಒಬ್ಬ ಮಿಲಿಟರಿ ಆಫೀಸರೇ ಗೈಡು. ಕದನ ನಿಲ್ಲಿಸಲು ಸಹಿ ಹಾಕಿದ ಸಭಾಂಗಣ, ಮೇಜು, ನೀಲಿ ಬಣ್ಣದ ಕೋಣೆಗಳು, ನಡುವೆ ಗಿಡ್ಡದೊಂದು ಕಾಂಕ್ರೀಟು ಪಟ್ಟಿ. ಅದೇ ಗಡಿ. ಮೂರು ತಿಂಗಳ ಹಿಂದೆ ಟ್ರಂಪ್ ಅದನ್ನು ದಾಟಿ ಬಂದಿದ್ದರು. ನಾನು ಆಫೀಸರಿಗೆ ಗೈಡಿನ ಮೂಲಕ ಒಂದು ಪ್ರಶ್ನೆ ಕೇಳಿಸಿದೆ: ಜನರಲ್ ತಿಮ್ಮಯ್ಯ ಗೊತ್ತಾ? ಮಡಿಕೇರಿಯ ತಿಮ್ಮಯ್ಯನವರು. ಕದನ ನಿಂತ ಮೇಲೆ, ಊರಿಗೆ ಹೋಗುವುದಿಲ್ಲ ಅಂದ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಕೈದಿಗಳನ್ನು ಏನು ಮಾಡುವುದು ಅಂತ ಐದು ದೇಶದ ಆಯೋಗ ಮಾಡಿದಾಗ, ಅದರ ಅಧ್ಯಕ್ಷರು ಅವರೇ. ನಮ್ಮ ಸೈನ್ಯ ಇದೇ ನಡು ಜಾಗದಲ್ಲಿ ಬಿಡಾರ ಹಾಕಿ ಕಾದಿತ್ತು. ಬಿಡಾರದ ಹೆಸರು ಹಿಂದ್ ನಗರ. ಎರಡೂ ಕಡೆ ಬೇಡ ಅಂದ 88 ಜನರನ್ನು 1954ರಲ್ಲಿ ನಮ್ಮ ದೇಶಕ್ಕೇ ಕರೆತಂದರು. ಆಫೀಸರ್ ತಲೆ ಅಲ್ಲಾಡಿಸಿದ. ಗೊತ್ತಿಲ್ಲ. ಹುಡುಗಿ ಮಾತ್ರ ಸಣ್ಣ ಪುಸ್ತಕ ತೆಗೆದು ಹೆಸರನ್ನು ಕೊರಿಯಾದ ಅಕ್ಷರದಲ್ಲಿ ಬರೆದುಕೊಂಡಳು. "ತಿಮಾಯಾ" ಅಂತ ಮೂರು ಸಲ ನನ್ನಿಂದ ಹೇಳಿಸಿದಳು. ಈಗ ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆಯಾಗಿದ್ದ ಸನ್ನಿ ಸೈಡ್ ಮ್ಯೂಸಿಯಮ್ಮಿನ ಎದುರು ಬಸ್ಸು ನಿಲ್ಲಿಸಿದಾಗಲೆಲ್ಲ ಆ ಉಚ್ಚಾರ ನೆನಪಾಗುತ್ತದೆ.

ವಾಪಸು ಬರುವಾಗ ಅವಳು ನನ್ನ ಪಕ್ಕ ಕೂತಳು. ನಾನೂ ಗೈಡು ಅಂತ ಗೊತ್ತಾಗಿತ್ತು. ಕಸುಬಿನ ಮಾತು. ಬಸ್ಸಿನಲ್ಲಿ ವಾಂತಿ ಆದರೆ ಏನು ಮಾಡುತ್ತೀರಿ, ಜಗಳ ಆದರೆ ಏನು ಮಾಡುತ್ತೀರಿ. ಅಂಗಡಿಯವರು ನಿಮಗೆ ಕಮಿಷನ್ ಕೊಡುತ್ತಾರಾ ಅಂತ ನಾನೇ ಕೇಳಿದೆ. ಜಿನ್‌ಸೆಂಗ್ ಅಂಗಡಿ, ಅಂಚೆಚೀಟಿಯ ಅಂಗಡಿ, ಬಸ್ಸು ನಿಲ್ಲುವ ಕ್ರಮ ನೋಡಿ ನನಗೆ ಮೈಸೂರಿನ ಸೀರೆ ಅಂಗಡಿ ನೆನಪಾಗಿತ್ತು. ನಾನೂ ತೆಗೆದುಕೊಳ್ಳುವವನೇ, ಸುಳ್ಳು ಯಾಕೆ. ಅವಳು ನಕ್ಕಳು, ಉತ್ತರ ಹೇಳಲಿಲ್ಲ. "ಜನ ಕಾಣೆಯಾದರೆ?" ಅಂತ ಕೇಳಿದಳು. ಮೈಕಿನಲ್ಲಿ ಕರೆಯುತ್ತೇವೆ ಅಂದೆ. ಕಾಶಿಯಲ್ಲಿ ಒಬ್ಬರು ಅಜ್ಜಿಯನ್ನು ಮೂರು ಗಂಟೆ ಹುಡುಕಿದ ಕತೆ ಹೇಳಿದೆ. ಅಜ್ಜಿ ಯಾವುದೋ ಮಠದಲ್ಲಿ ಊಟ ಮಾಡಿ ಮಲಗಿದ್ದರು. "ನಿಮ್ಮಲ್ಲಿ?" ಅಂದೆ. "ನಮ್ಮಲ್ಲಿ ಯಾರೂ ಕಾಣೆಯಾಗುವುದಿಲ್ಲ" ಅಂದಳು.

ಮರುದಿನ ಭಾನುವಾರ. ಮೊರಾನ್ ಗುಡ್ಡದ ಪಾರ್ಕಿಗೆ ಕರೆದುಕೊಂಡು ಹೋದರು. ಇಡೀ ಟೂರಿನಲ್ಲಿ ನನಗೆ ಇಷ್ಟವಾದ ಜಾಗ ಇದೇ. ಜನ ಚಾಪೆ ಹಾಸಿ ಬುತ್ತಿ ಬಿಚ್ಚಿದ್ದರು, ಅಜ್ಜಿಯರು ಕುಣಿಯುತ್ತಿದ್ದರು. ಗುಂಪಿನ ಒಬ್ಬ ಮುದುಕ, ಇಂಗ್ಲೆಂಡಿನವನು, ಯಾರೋ ಕರೆದರು ಅಂತ ಮರಗಳ ಹಿಂದೆ ಹೋಗಿ ಕುಡಿಯುತ್ತಾ ಕೂತಿದ್ದ. ನಮಗೆ ಗೊತ್ತಿಲ್ಲ. ಹುಡುಗಿ ಲೆಕ್ಕ ಮಾಡಿದಳು. ಪುನಃ ಮಾಡಿದಳು. ಮೂರನೇ ಸಲ ಬೆರಳು ಮಡಚುವಾಗ ಕಿರುಬೆರಳು ನಡುಗುತ್ತಿತ್ತು. ಹದಿನೈದು. ಅವಳು ಕೂಗಲಿಲ್ಲ. ಹಿರಿಯ ಗೈಡಿನ ಕಡೆ ನೋಡಲೇ ಇಲ್ಲ. ಕಪ್ಪು ಚಪ್ಪಲಿಯ ಹಿಮ್ಮಡಿ ಒಂದು ಕಡೆ ಸವೆದದ್ದು, ಅದರಲ್ಲೇ ಗುಡ್ಡ ಹತ್ತಿ ಓಡಿದಳು. ಹನ್ನೆರಡು ನಿಮಿಷ. ಮುದುಕ ನಗುತ್ತಾ ಬಂದ, ಕೈಯಲ್ಲಿ ಯಾರೋ ಕೊಟ್ಟ ಬೇಯಿಸಿದ ಗೆಣಸು. "ಸಾರಿ ಡಿಯರ್" ಅಂದ. ಅವಳೂ ನಕ್ಕಳು. ಬಿಳುಚಿದ ಬಾಯಿಯಲ್ಲಿ ನಕ್ಕಳು. ಬಸ್ಸು ಹೊರಟ ಮೇಲೆ ಹಿರಿಯವರು ಅವಳ ಹತ್ತಿರ ಮೆಲ್ಲಗೆ ಏನೋ ಹೇಳಿದರು. ಎಂತ ಹೇಳಿದರು ಅಂತ ಮುಖದಲ್ಲಿ ಏನೂ ಕಾಣಲಿಲ್ಲ. ಅವತ್ತು ಸಂಜೆ ಹಾಡು ಹೇಳಬೇಕಾದವಳು ಹೇಳಲಿಲ್ಲ.

ಅಜ್ಜಿ ಕಾಣೆಯಾದ ಆ ಮೂರು ಗಂಟೆ ನನಗೂ ಹೆದರಿಕೆ ಆಗಿತ್ತು. ಅಜ್ಜಿಗೆ ಏನಾಯಿತೋ ಅಂತ. ಇವಳಿಗೆ ಮುದುಕನಿಗೆ ಏನಾಗುತ್ತದೆ ಅನ್ನುವ ಚಿಂತೆ ಇರಲಿಲ್ಲ. ಆ ಊರಿನಲ್ಲಿ ಅವನಿಗೆ ಎಂತದೂ ಆಗುವುದಿಲ್ಲ, ಯಾರಾದರೂ ಕೈ ಹಿಡಿದು ತಂದು ಬಿಡುತ್ತಾರೆ. ಟೂರಿನ ಕಂಪನಿಯವರು ಇದನ್ನು "ನೂರಕ್ಕೆ ನೂರು ಸುರಕ್ಷಿತ" ಅಂತ ಹಾಕಿಕೊಳ್ಳುತ್ತಾರೆ. ಸುರಕ್ಷಿತ ಹೌದು. ನಮಗೆ.

ಸಣ್ಣ ದೂರುಗಳು ಉಂಟು. ಒಂದು ರಾತ್ರಿ ಬಿಸಿನೀರು ಬರಲಿಲ್ಲ. ಒಂದು ಅಂಗಡಿಯಲ್ಲಿ ಚಿಲ್ಲರೆ ಇಲ್ಲ ಅಂತ ಚೂಯಿಂಗ್ ಗಮ್ ಕೊಟ್ಟರು, ನಮ್ಮ ಪೇಟೆಯಲ್ಲಿ ಮಿಠಾಯಿ ಕೊಟ್ಟ ಹಾಗೆ. ಅಲ್ಲಿನ ದುಡ್ಡು ನಮಗೆ ಕೊಡುವುದಿಲ್ಲ, ಯೂರೋ ಅಥವಾ ಚೀನಾದ ಯುವಾನ್ ಚಿಕ್ಕ ನೋಟಿನಲ್ಲಿ ಇಟ್ಟುಕೊಳ್ಳಿ. ಇಂಟರ್ನೆಟ್ ಇಲ್ಲ. ಐದು ದಿನ ಮನೆಗೆ ಸುದ್ದಿ ಇಲ್ಲ. ಹೋಟೆಲಿನಿಂದ ಹಾಕಿದ ಪೋಸ್ಟ್‌ಕಾರ್ಡು ನಾನು ಬಂದು ತಿಂಗಳಾದ ಮೇಲೆ ಬದಿಯಡ್ಕಕ್ಕೆ ಬಂತು.

ಬರುವಾಗ ರೈಲು. ಬೀಜಿಂಗಿಗೆ ಹತ್ತಿರ ಹತ್ತಿರ ಒಂದು ದಿನದ ಹಾದಿ. ಗಡಿಯ ಸಿನುಯಿಜುವಿನಲ್ಲಿ ಫೋನು ತೆಗೆದುಕೊಂಡು ಫೋಟೋ ಒಂದೊಂದೇ ನೋಡಿದರು. ಎತ್ತಿನ ಗಾಡಿಯದ್ದು ಎರಡು ಅಳಿಸಿದರು. ಹೊಳೆ ದಾಟಿ ದಾಂಡೋಂಗಿಗೆ ಬಂದ ಕೂಡಲೇ ಹದಿನಾರು ಫೋನೂ ಒಟ್ಟಿಗೆ ಕಿಣಿಕಿಣಿ ಅಂದವು.

ಅದಕ್ಕೆ ಮೊದಲಿನ ಸಂಗತಿ ಒಂದು ಉಳಿಯಿತು. ಪ್ಯೋಂಗ್ಯಾಂಗ್ ಸ್ಟೇಶನ್ನಿನಲ್ಲಿ ಪಾಸ್‌ಪೋರ್ಟ್ ಕೈಗೆ ಕೊಟ್ಟರು. ಉಳಿದ ಅರ್ಧ ಬಾಟಲಿ ಮಿಡಿ ಡ್ರೈವರಿಗೆ ಕೊಟ್ಟೆ. ಎಲ್ಲರೂ ಕವರಿನಲ್ಲಿ ಟಿಪ್ಸ್ ಹಾಕಿ ಗೈಡುಗಳಿಗೆ ಕೊಟ್ಟೆವು. ಅಲ್ಲಿಗೆ ಅವರ ಕೆಲಸ ಮುಗಿದ ಹಾಗೆ. ಆದರೂ ರೈಲು ಮೆಲ್ಲಗೆ ಅಲ್ಲಾಡಿದಾಗ ಹುಡುಗಿ ಪ್ಲಾಟ್‌ಫಾರ್ಮಿನಲ್ಲಿ ನಮ್ಮ ಬೋಗಿಯ ಜೊತೆಗೇ ನಡೆದಳು. ಎಡಗೈ ಬೀಸುತ್ತಿತ್ತು. ಬಲಗೈ ಸೊಂಟದ ಹತ್ತಿರ, ಯಾರಿಗೂ ಕಾಣದ ಹಾಗೆ, ಕಿಟಕಿ ಕಿಟಕಿಗೂ ಒಂದೊಂದು ಬೆರಳು ಮಡಚುತ್ತಿತ್ತು. ನನ್ನ ಪಕ್ಕದ ಮುದುಕ ಮೇಲಿನ ಬರ್ತಿನಲ್ಲಿ ಮಲಗಿದ್ದ. ಎಬ್ಬಿಸಿ ಕಿಟಕಿಗೆ ತಂದು ನಿಲ್ಲಿಸಿದೆ.